ಮಹಡಿಯ ಕೋಣೆಯ ಪ್ರಯೋಗಶಾಲೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಗಣಕಯಂತ್ರಗಳ ಜಾಲವನ್ನು ಕಟ್ಟಿ ಕಾಯುವ ಉದ್ಯೋಗದಲ್ಲಿದ್ದಾರೆ. ಅವರಿಗೆ ಈ ಬರಹದ ತಾಂತ್ರಿಕ ಸಂಗತಿಗಳಲ್ಲಿ ಹೊಸತೇನೂ ಕಾಣದಿರಬಹುದು. ಆದರೆ ಆ ಉದ್ಯೋಗಕ್ಕೆ ಸೇರಬೇಕೆಂದು ಹಂಬಲಿಸುವ ಹುಡುಗರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. 'ಸಿಸಿಎನ್‌ಎ ಪರೀಕ್ಷೆಗೆ ಹೇಗೆ ಓದಬೇಕು, ಮೇಷ್ಟ್ರೇ?' ಎಂದು ಕೇಳುತ್ತಾರೆ. ಗಣಿತ ಕಲಿಸಿದವನನ್ನು ಇದನ್ನೇಕೆ ಕೇಳುತ್ತಾರೆಂದರೆ, ನನ್ನ ತಂಗಿಯ ಮಗ ಶಿವಮೊಗ್ಗದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಐದು ತಿಂಗಳು ಒಂದು ಪ್ರಯೋಗಶಾಲೆಯನ್ನೇ ಹೂಡಿಕೊಂಡು ಓದಿದ ಸುದ್ದಿ ನೆಂಟರಿಷ್ಟರಲ್ಲೆಲ್ಲ ಹರಡಿದೆ. ಬಂದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡುವುದು ಲೇಸೆಂದು ಈ ಪ್ರಯತ್ನ.

ತಿಳಿಯದವರಿಗಾಗಿ ಎರಡು ಮಾತು. ಒಂದು ಕಟ್ಟಡದೊಳಗಿನ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಒಂದು ಜಾಲದಿಂದ ಮತ್ತೊಂದು ಜಾಲಕ್ಕೆ ದಾರಿ ತೋರಿಸುವ ಪೆಟ್ಟಿಗೆ ರೌಟರ್. ಇಂಥ ಯಂತ್ರಗಳಿಗೆ ಹೆಸರಾದ ಸಿಸ್ಕೊ ಕಂಪನಿಯನ್ನು 1984ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ ಸ್ಥಾಪಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಹೆಸರಿನ ಬಾಲವೇ ಕಂಪನಿಯ ಹೆಸರಾಯಿತು. ಆ ಕಂಪನಿ 1998ರಿಂದ ನಡೆಸುತ್ತಿರುವ ಮೊದಲ ಮೆಟ್ಟಿಲಿನ ಪರೀಕ್ಷೆಯೇ ಸಿಸಿಎನ್‌ಎ. ಕವಲುಕವಲಾಗಿ ಬೆಳೆದಿದ್ದ ಅದನ್ನು 2020ರ ಫೆಬ್ರವರಿಯಲ್ಲಿ ಮತ್ತೆ ಒಂದೇ ಪರೀಕ್ಷೆಯಾಗಿ ಮಾಡಿದರು. ಅವಧಿ 120 ನಿಮಿಷ. ಒಮ್ಮೆ ಮುಂದಕ್ಕೆ ಹೋದರೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. 'ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ, ಕೊನೆಯಲ್ಲಿ ನೋಡಿಕೊಳ್ಳಿ' ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದ ನನ್ನಂಥವರಿಗೆ ಇದು ಕ್ರೂರವಾದ ನಿಯಮವೆಂದೇ ತೋರುತ್ತದೆ.

ನನ್ನ ಸೋದರಳಿಯ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮನೆಮನೆಗೆ ಇಂಟರ್ನೆಟ್ ಕೊಡುವ ಒಂದು ಸಂಸ್ಥೆಯಲ್ಲಿ ಆರು ವರ್ಷ ದುಡಿದಿದ್ದ. ಕಂಬ ಹತ್ತುವುದು, ಕೇಬಲ್ ಎಳೆಯುವುದು, ತುಂಡಾದ ಫೈಬರನ್ನು ಬೆಸೆಯುವುದು ಅವನ ಕೆಲಸ. ಕೈ ಚೆನ್ನಾಗಿ ಪಳಗಿತ್ತು. ಆದರೆ ಆ ಕೇಬಲ್ಲುಗಳೆಲ್ಲ ಹೋಗಿ ಸೇರುವ ಕೋಣೆಯ ಯಂತ್ರಗಳ ಪಾಸ್‌ವರ್ಡನ್ನು ಅವನಿಗೆ ಕೊಟ್ಟವರಿರಲಿಲ್ಲ. ಕೊಡದಿರುವುದು ನ್ಯಾಯವೂ ಹೌದು. ಕಲಿಯುವವನ ಒಂದು ತಪ್ಪಿನಿಂದ ಸಾವಿರ ಮನೆಗಳ ಸಂಪರ್ಕ ಕಡಿದುಹೋಗಬಹುದು. ಹೀಗಾಗಿ ತಿಂಗಳಿಗೆ 17,000 ರೂಪಾಯಿಯಲ್ಲಿ ಅವನ ಬದುಕು ನಿಂತುಬಿಟ್ಟಿತ್ತು. ಎರಡು ಕಡೆ ಹೆಣ್ಣಿನವರು 'ಹುಡುಗ ಕಂಬ ಹತ್ತುತ್ತಾನಂತೆ' ಎಂದು ಮಾತು ಮುರಿದಿದ್ದರು. ತಂಗಿ ಇದನ್ನು ನನ್ನೆದುರು ಹೇಳಿದ್ದು ಒಂದೇ ಸಲ. ಅವನಂತೂ ಹೇಳಲೇ ಇಲ್ಲ.

2023ರ ಜೂನ್‌ನಲ್ಲಿ ಅವನು ಮೊದಲ ಬಾರಿ ಪರೀಕ್ಷೆಗೆ ಕುಳಿತ. ಆಗ ಶುಲ್ಕ 300 ಡಾಲರ್. ತೆರಿಗೆಯೂ ಸೇರಿ 29,000 ರೂಪಾಯಿಯ ಸುಮಾರು. ಅವನು ಸೇರಿದ್ದ ತರಬೇತಿ ಕೇಂದ್ರದಲ್ಲಿ ಪಾಠಕ್ಕಿಂತ ಹೆಚ್ಚಾಗಿ 'ಡಂಪ್' ಎಂಬ ವಸ್ತುವಿನ ಮಹಿಮೆಯನ್ನು ಬೋಧಿಸಿದ್ದರು. ಹಿಂದೆ ಪರೀಕ್ಷೆ ಬರೆದವರಿಂದ ಕದ್ದು ಸಂಗ್ರಹಿಸಿದ ಪ್ರಶ್ನೋತ್ತರಗಳ ಕಂತೆಯೇ ಈ ಡಂಪ್. ಹುಡುಗ ನಾನೂರು ಪ್ರಶ್ನೆಗಳನ್ನು ಕಂಠಪಾಠ ಮಾಡಿ ಹೋದ, ಅನುತ್ತೀರ್ಣನಾಗಿ ಬಂದ. 'ಪ್ರಶ್ನೆಗಳೆಲ್ಲ ಬದಲಾಗಿದ್ದವು, ಮಾವ' ಎಂದಷ್ಟೇ ಹೇಳಿದ.

ನಾನು ಆ ಕಂತೆಯಿಂದಲೇ ಒಂದು ಪ್ರಶ್ನೆಯನ್ನು ತೆಗೆದೆ. 192.168.10.70 ಎಂಬ ವಿಳಾಸವಿದೆ. ಅದರ ಮೊದಲ 26 ಬಿಟ್‌ಗಳು ಜಾಲವನ್ನು ಸೂಚಿಸುತ್ತವೆ. ಹಾಗಾದರೆ ಅದು ಯಾವ ಜಾಲಕ್ಕೆ ಸೇರಿದ್ದು? ಅವನು ಕಣ್ಣು ಮಿಟುಕಿಸುವಷ್ಟರಲ್ಲಿ '64ರದ್ದು' ಎಂದ. ಸರಿಯಾಗಿತ್ತು. 70ನ್ನು ಹೊಡೆದುಹಾಕಿ 130 ಎಂದು ಬರೆದೆ. ಹುಡುಗ ಮೌನವಾದ. ಕಂಠಪಾಠವನ್ನು ನಾನು ಹೀಗಳೆಯುವವನಲ್ಲ. ಮಗ್ಗಿ ಬಾರದ ಹುಡುಗನಿಗೆ ಭಾಗಾಕಾರ ಕಲಿಸುವ ಕಷ್ಟ ನನಗೆ ಗೊತ್ತು. ಆದರೆ ಬಾಯಿಪಾಠ ಮಾಡಿದ ಮಗ್ಗಿ ಎಂದೂ ಕಾಣದ ಲೆಕ್ಕದಲ್ಲಿಯೂ ಕೈ ಹಿಡಿಯುತ್ತದೆ. ಡಂಪು ಹಾಗಲ್ಲ, ಅಂಕಿ ಬದಲಾದ ಕ್ಷಣವೇ ಕೈಬಿಡುತ್ತದೆ. ಕದ್ದ ಪ್ರಶ್ನೆಗಳೆಂದು ಪತ್ತೆಯಾದರೆ ಪಡೆದ ಪ್ರಮಾಣಪತ್ರವೂ ರದ್ದಾಗುತ್ತದೆ ಎಂಬುದು ಬೇರೆಯ ಮಾತು.

ವಿಳಾಸಗಳ ಈ ಲೆಕ್ಕವನ್ನು ಕಲಿಸಲು ಯಂತ್ರವೇ ಬೇಕಿಲ್ಲ, ಸ್ಲೇಟು ಸಾಕು. ನಮ್ಮ ಪಿನ್‌ಕೋಡನ್ನು ತೆಗೆದುಕೊಳ್ಳಿ. 577201 ಎಂಬುದರಲ್ಲಿ ಮೊದಲ 5 ದೇಶದ ಒಂದು ವಲಯ. ಮೊದಲ ಮೂರು ಅಂಕಿಗಳು ಅಂಚೆಯನ್ನು ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಅಂಚೆ ಕಚೇರಿ. ದೂರದ ಊರಿನಲ್ಲಿ ವಿಂಗಡಿಸುವವನು ಮುಂದಿನ ಅಂಕಿಗಳನ್ನಷ್ಟೇ ನೋಡಿದರೆ ಸಾಕು, ಬೀದಿಯ ಹೆಸರು ಅವನಿಗೆ ಬೇಡ. ರೌಟರ್ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ವಿಳಾಸವು ಸೊನ್ನೆ ಮತ್ತು ಒಂದುಗಳ 32 ಸ್ಥಾನಗಳ ಸಾಲು. ಊರು ಎಲ್ಲಿಗೆ ಮುಗಿದು ಮನೆ ಎಲ್ಲಿಂದ ಆರಂಭ ಎಂಬ ಗೆರೆಯನ್ನು ಬೇಕಾದಲ್ಲಿ ಎಳೆಯಬಹುದು. 26ರ ನಂತರ ಎಳೆದರೆ ಮನೆಗಳಿಗೆ 6 ಸ್ಥಾನ ಉಳಿಯುತ್ತದೆ. ಎರಡರ ಆರನೆಯ ಘಾತ 64. ಅದರಲ್ಲಿ ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗಲು. ಯಂತ್ರಗಳಿಗೆ ಸಿಗುವುದು 62. ಆದ್ದರಿಂದ ಜಾಲಗಳು 0, 64, 128, 192 ಎಂಬಲ್ಲಿ ಆರಂಭವಾಗಲೇಬೇಕು. 130 ಎಂಬುದು 128ರ ಮನೆಯದು. ಹದಿನೈದು ದಿನ ಬೆಳಗಿನ ಕಾಫಿಗೆ ಮುಂಚೆ ಇಪ್ಪತ್ತು ಲೆಕ್ಕ ಕೊಡುತ್ತಿದ್ದೆ. ಆ ಮೇಲೆ ಅವನೇ ನನಗೆ ಕೊಡತೊಡಗಿದ.

ಲೆಕ್ಕ ಬಂದರೂ ಯಂತ್ರದ ಭಯ ಹೋಗಿರಲಿಲ್ಲ. ಸಿಸ್ಕೊ ಕಂಪನಿಯೇ ಉಚಿತವಾಗಿ ಕೊಡುವ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶವಿದೆ. ಗಣಕಯಂತ್ರದ ತೆರೆಯ ಮೇಲೆಯೇ ರೌಟರುಗಳನ್ನು ಇಟ್ಟು, ಗೆರೆ ಎಳೆದು, ಜಾಲ ಕಟ್ಟಬಹುದು. ಈ ಪರೀಕ್ಷೆಯ ಮಟ್ಟಿಗೆ ಬಹುಪಾಲು ಹುಡುಗರಿಗೆ ಅಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಸಾಲ ಮಾಡಿ ಯಂತ್ರ ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಆದರೆ ನನ್ನ ಸೋದರಳಿಯ ಕೈಯಿಂದ ಕಲಿಯುವವನು. 'ಅದು ಬೊಂಬೆಯಾಟದ ಹಾಗೆ ಕಾಣುತ್ತದೆ, ಮಾವ. ನಂಬಿಕೆ ಬರುವುದಿಲ್ಲ' ಎಂದ. ಆರು ವರ್ಷ ಮುಚ್ಚಿದ ಬಾಗಿಲಿನ ಹೊರಗೆ ನಿಂತವನಿಗೆ ಬಾಗಿಲಿನ ಚಿತ್ರ ತೋರಿಸಿದರೆ ಸಮಾಧಾನವಾದೀತೇ?

2023ರ ಆಗಸ್ಟ್‌ನಲ್ಲಿ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಈಗ ಯಾರೂ ಉಚ್ಚರಿಸುವಂತೆ ಕಾಣಲಿಲ್ಲ. ಕಚೇರಿಗಳು ಹೊಸತನ್ನು ಕೊಂಡಾಗ ಹೊರಹಾಕಿದ ಯಂತ್ರಗಳು ಅಲ್ಲಿ ಇಟ್ಟಿಗೆಗಳಂತೆ ಪೇರಿಸಿಕೊಂಡಿರುತ್ತವೆ. 1841 ಎಂಬ ಮಾದರಿಯ ಮೂರು ರೌಟರು ತಲಾ 2,500ರಂತೆ, 2960 ಎಂಬ ಮಾದರಿಯ ಎರಡು ಸ್ವಿಚ್ಚು ತಲಾ 2,000ದಂತೆ, ಸೀರಿಯಲ್ ಕಾರ್ಡು ಮತ್ತು ಕೇಬಲ್ಲುಗಳಿಗೆಲ್ಲ 2,500. ಒಟ್ಟು 14,000 ರೂಪಾಯಿ. ಒಂದು ಪರೀಕ್ಷಾ ಶುಲ್ಕದ ಅರ್ಧ. ಇನ್ನೂ ಅಗ್ಗಕ್ಕೆ ಸಿಗುತ್ತದೆಂದು 2500 ಸರಣಿಯ ಮುದಿ ರೌಟರುಗಳಿಗೆ ಕೈ ಹಾಕಬೇಡಿ. ಅವುಗಳ ಈಥರ್ನೆಟ್ ಪೋರ್ಟಿಗೆ ಇಂದಿನ ಕೇಬಲ್ ಸಿಕ್ಕಿಸಲು ಬೇರೊಂದು ಟ್ರಾನ್ಸೀವರ್ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಯಂತ್ರದೊಡನೆ ಮಾತಾಡಲು ತಿಳಿನೀಲಿಯ ಚಪ್ಪಟೆ ಕನ್ಸೋಲ್ ಕೇಬಲ್ ಬೇಕು. ಅದರ ತುದಿ ಇಂದಿನ ಲ್ಯಾಪ್‌ಟಾಪ್‌ಗಳಿಗೆ ಹೊಂದುವುದಿಲ್ಲವಾದ್ದರಿಂದ ಯುಎಸ್‌ಬಿ ಅಡಾಪ್ಟರನ್ನೂ ಮರೆಯದೆ ತರಬೇಕು.

ನನ್ನ ಪುಸ್ತಕದ ಬೀರುವಿನ ಎರಡು ಅರೆಗಳು ತೆರವಾದವು. ಐದೂ ಯಂತ್ರಗಳಿಗೆ ಒಟ್ಟಿಗೆ ವಿದ್ಯುತ್ ಕೊಟ್ಟಾಗ ಅವುಗಳ ಫ್ಯಾನುಗಳ ಸದ್ದಿಗೆ ನನ್ನಾಕೆ ಮೆಟ್ಟಿಲ ಬುಡದಿಂದಲೇ, 'ಮೇಲೆ ಹಿಟ್ಟಿನ ಗಿರಣಿ ಹಾಕಿದಿರಾ?' ಎಂದು ಕೇಳಿದಳು. ಬಿಲ್ಲಿನ ಚಿಂತೆಯೂ ಇತ್ತು. ನಮ್ಮ ಲೆಕ್ಕದಲ್ಲಿ ಎಲ್ಲವೂ ಸೇರಿ 150 ವ್ಯಾಟ್. ದಿನಕ್ಕೆ ನಾಲ್ಕು ಗಂಟೆಯೆಂದರೆ 0.6 ಯೂನಿಟ್. ಅಷ್ಟಕ್ಕೆ ಅಡ್ಡಿಯಿಲ್ಲವೆಂದು ಅವಳೂ ಒಪ್ಪಿದಳು.

ಮೊದಲ ರೌಟರು ಎಚ್ಚೆತ್ತಾಗ ತೆರೆಯ ಮೇಲೆ ಯಾವುದೋ ಕಚೇರಿಯ ಶಾಖೆಯ ಹೆಸರು ಮೂಡಿ, ಪಾಸ್‌ವರ್ಡ್ ಕೇಳಿತು. ಮಾರಿದವರು ಅಳಿಸಿರಲಿಲ್ಲ. ಹುಡುಗನ ಮುಖ ಬಾಡಿತು, ಇಲ್ಲಿಯೂ ಪಾಸ್‌ವರ್ಡು! ಆದರೆ ಇದಕ್ಕೊಂದು ವಿಧಿಯಿದೆ. ಯಂತ್ರವನ್ನು ಆರಿಸಿ ಹಚ್ಚಿ, ಮೊದಲ ಒಂದು ನಿಮಿಷದೊಳಗೆ ಬ್ರೇಕ್ ಕೀಲಿಯನ್ನು ಒತ್ತಿದರೆ ಅದು ಅರೆನಿದ್ದೆಯಲ್ಲಿಯೇ ನಿಲ್ಲುತ್ತದೆ. ಅಲ್ಲಿ 2102 ಎಂದಿರುವ ಒಂದು ಸಂಖ್ಯೆಯನ್ನು 2142 ಎಂದು ಬದಲಿಸಬೇಕು. ಹದಿನಾರನ್ನು ಆಧಾರವಾಗಿಟ್ಟುಕೊಂಡು ಬರೆದ ಸಂಖ್ಯೆ ಅದು; ಬಿಡಿಸಿ ನೋಡಿದರೆ ಹದಿನಾರು ಬಿಟ್‌ಗಳಲ್ಲಿ ಒಂದೇ ಒಂದು ಸೊನ್ನೆ ಒಂದಾಗುತ್ತದೆ, ಅಷ್ಟೇ. ಆ ಒಂದು ಬಿಟ್‌ನ ಬಲದಿಂದ ಯಂತ್ರ ತನ್ನ ಹಳೆಯ ನೆನಪನ್ನು ಓದದೆ ಎದ್ದು ಕೂರುತ್ತದೆ. ನಾವು ಒಂದು ಸಂಜೆಯಿಡೀ ಒದ್ದಾಡಿ ಅದನ್ನು ಸಾಧಿಸಿದೆವು. ಯಂತ್ರವನ್ನು ಮುಟ್ಟಬಲ್ಲವನು ಅದರ ಒಡೆಯನೂ ಆಗಬಲ್ಲ. ಆ ಕೋಣೆಗಳಿಗೆ ಬೀಗ ಹಾಕುವುದೇಕೆಂದು ಹುಡುಗನಿಗೆ ಆಗ ಹೊಳೆಯಿತು. ಹಳೆಯ ಮಾಲೀಕರ ವಿವರಗಳನ್ನು ಒಮ್ಮೆ ತೆರೆದು ನೋಡುವ ಆಸೆ ಅವನಿಗಿತ್ತು. ನೋಡಿದ್ದರೆ ಕಲಿಯಲೂ ಬಹಳವಿತ್ತೆನ್ನಿ. 'ಬೇರೆಯವರ ಕಾಗದ' ಎಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಅಳಿಸುವ ಆದೇಶವನ್ನು ಅವನೇ ಕೊಟ್ಟ.

ರೌಟರಿನ ಪೋರ್ಟುಗಳು ಹುಟ್ಟಾ ಮುಚ್ಚಿರುತ್ತವೆ. ಅವನ್ನು ತೆರೆಯಲು 'ತೆರೆ' ಎಂಬ ಆದೇಶವಿಲ್ಲ. 'ನೋ ಶಟ್‌ಡೌನ್', ಅಂದರೆ 'ಮುಚ್ಚಬೇಡ' ಎನ್ನಬೇಕು. ನಿಷೇಧದ ನಿಷೇಧವೇ ವಿಧಿಯೆಂದು ಋಣ ಸಂಖ್ಯೆಗಳ ಗುಣಾಕಾರ ಕಲಿಸುವಾಗ ಹೇಳುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳು ನೆನಪಿಸಿಕೊಳ್ಳಬಹುದು.

ಎರಡು ಯಂತ್ರಗಳು ಒಂದನ್ನೊಂದು ಬಲ್ಲವೇ ಎಂದು ಪರೀಕ್ಷಿಸಲು 'ಪಿಂಗ್' ಎಂಬ ಆದೇಶವಿದೆ. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರ್‌ನಲ್ಲಿ ಬರೆದದ್ದು. ಸಮುದ್ರದೊಳಗೆ ಸದ್ದು ಕಳುಹಿಸಿ ಪ್ರತಿಧ್ವನಿ ಕೇಳುವ ಸೋನಾರ್‌ನಿಂದ ಹೆಸರು ಬಂತು. ಸಿಸ್ಕೊ ರೌಟರು ಐದು ಸಲ ಕರೆಯುತ್ತದೆ. ಓಗೊಟ್ಟರೆ ಉದ್ಗಾರ ಚಿಹ್ನೆ, ಇಲ್ಲವಾದರೆ ಚುಕ್ಕಿ. ಮೊದಲ ಬಾರಿ ನಮಗೆ ಒಂದು ಚುಕ್ಕಿ, ನಾಲ್ಕು ಉದ್ಗಾರ ಬಂದವು. 'ನೂರಕ್ಕೆ 80. ಇದು ಡಂಪಿನಲ್ಲಿತ್ತು, ಮಾವ' ಎಂದ. ಏಕೆ 80 ಎಂದು ಕೇಳಿದೆ. ಗೊತ್ತಿರಲಿಲ್ಲ. ಮತ್ತೊಮ್ಮೆ ಪಿಂಗ್ ಮಾಡಿದರೆ ಐದೂ ಉದ್ಗಾರ! ಎರಡು ದಿನ ಅದನ್ನೇ ಬೆನ್ನಟ್ಟಿದ ಮೇಲೆ ಕಾರಣ ಸಿಕ್ಕಿತು. ವಿಳಾಸ ಗೊತ್ತಿದ್ದರೂ ಆ ವಿಳಾಸದ ಯಂತ್ರ ಯಾವುದೆಂದು ಮೊದಲು ಬೀದಿಯಲ್ಲಿ ಕೂಗಿ ಕೇಳಬೇಕು. ಉತ್ತರ ಬರುವಷ್ಟರಲ್ಲಿ ಮೊದಲ ಕರೆ ಕಳೆದುಹೋಗಿರುತ್ತದೆ. ಎರಡನೆಯ ಸಲಕ್ಕೆ ಪರಿಚಯವಾಗಿರುತ್ತದೆ. ಅವನಿಗೆ ಉತ್ತರ ಮೊದಲೇ ತಿಳಿದಿತ್ತು, ಪ್ರಶ್ನೆ ಸಿಕ್ಕಿದ್ದು ಆಗ.

ನನಗೆ ಅತ್ಯಂತ ಹಿಗ್ಗು ತಂದದ್ದು ದಾರಿ ಹುಡುಕುವ ವಿಧಾನ. ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ಪ್ರತಿ ರೌಟರೂ ಇಡೀ ಜಾಲದ ನಕ್ಷೆಯನ್ನಿಟ್ಟುಕೊಂಡು ಕನಿಷ್ಠ ವೆಚ್ಚದ ದಾರಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಭಾವಿ ಪತ್ನಿಯೊಡನೆ ಕಾಫಿ ಕುಡಿಯುತ್ತ, ಕಾಗದ ಪೆನ್ಸಿಲ್ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಅದನ್ನು ಯೋಚಿಸಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ನಾವು ಮೂರು ರೌಟರುಗಳನ್ನು ತ್ರಿಕೋನವಾಗಿ ಜೋಡಿಸಿದೆವು. ಒಂದರಿಂದ ಎರಡಕ್ಕೆ ನೇರವಾಗಿ ಸೀರಿಯಲ್ ಕೇಬಲ್, ವೆಚ್ಚ 64. ಒಂದರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ವೇಗದ ಈಥರ್ನೆಟ್, ವೆಚ್ಚ ತಲಾ 1. ಯಾವ ದಾರಿ ಹಿಡಿದೀತು? ಹುಡುಗ ನೇರ ದಾರಿಯೆಂದ. ಯಂತ್ರ ಸುತ್ತಿಕೊಂಡು ಹೋಯಿತು. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿಯೇ ಹತ್ತಿರವಾದರೂ ಭಾರದ ಲಾರಿಗಳು ಸುತ್ತು ಬಳಸಿ ಹೋಗುವುದಿಲ್ಲವೇ? ಆ ಮೇಲೆ ಈಥರ್ನೆಟ್ ಕೇಬಲ್ಲೊಂದನ್ನು ಕಿತ್ತೆವು. ತೆರೆಯ ಮೇಲೆ ಎರಡು ಮೂರು ಚುಕ್ಕಿ ಬಿದ್ದು, ಮತ್ತೆ ಉದ್ಗಾರಗಳು ಹರಿಯತೊಡಗಿದವು. ಘಾಟಿಯ ದಾರಿಯಲ್ಲಿ.

ಇನ್ನು ಅಕ್ಟೋಬರಿನ ಆ ರಾತ್ರಿಯ ಸಂಗತಿ. ಸ್ವಿಚ್ಚುಗಳ ನಡುವೆ ಎರಡು ಕೇಬಲ್ ಹಾಕಿದರೆ ಒಂದು ಕಡಿದರೂ ಮತ್ತೊಂದಿರುತ್ತದೆ. ಆದರೆ ಅಲ್ಲೊಂದು ಅಪಾಯವಿದೆ. ಜಾಲದಿಂದ ಜಾಲಕ್ಕೆ ಹೋಗುವ ಐಪಿ ಪೊಟ್ಟಣಕ್ಕೆ ಆಯುಷ್ಯದ ಎಣಿಕೆಯಿದೆ. ಪ್ರತಿ ರೌಟರಿನಲ್ಲಿ ಒಂದೊಂದು ಕಳೆದು, ಸೊನ್ನೆಯಾದಾಗ ಅದು ಸಾಯುತ್ತದೆ. ಸ್ವಿಚ್ಚುಗಳ ನಡುವಿನ ಈಥರ್ನೆಟ್ ಚೌಕಟ್ಟಿಗೆ ಅಂಥ ಆಯುಷ್ಯವಿಲ್ಲ. ಎಲ್ಲರಿಗೂ ಎಂದು ಕೂಗಿದ ಒಂದು ಮಾತು ಎರಡು ಕೇಬಲ್ಲುಗಳ ಉಂಗುರದಲ್ಲಿ ಕೊನೆಯಿಲ್ಲದೆ ಸುತ್ತುತ್ತದೆ; ಇನ್ನೊಂದು ಕೂಗು ಅದಕ್ಕೆ ಸೇರುತ್ತದೆ; ಕೊನೆಗೆ ಜಾಲವೇ ಉಸಿರುಗಟ್ಟುತ್ತದೆ. ಇದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ರೂಪಿಸಿದರು. ಉಂಗುರವನ್ನು ಒಂದು ಕಡೆ ತಾನಾಗಿಯೇ ತುಂಡರಿಸಿ ಮರವಾಗಿಸುವುದು ಅದರ ಕೆಲಸ. ಅದನ್ನು ವಿವರಿಸಲು ಅವರೊಂದು ಪದ್ಯವನ್ನೂ ಬರೆದರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ರಾತ್ರಿ ನಾವು ಎರಡೂ ಸ್ವಿಚ್ಚುಗಳಲ್ಲಿ ಸ್ಪ್ಯಾನಿಂಗ್ ಟ್ರೀಯನ್ನು ಬೇಕೆಂದೇ ನಿಲ್ಲಿಸಿ, ಎರಡನೆಯ ಕೇಬಲ್ಲನ್ನು ಸಿಕ್ಕಿಸಿದೆವು. ಅದುವರೆಗೆ ಅಲ್ಲೊಂದು ಇಲ್ಲೊಂದು ಮಿಣುಕುತ್ತಿದ್ದ ಹಸಿರು ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಹೊಡೆದುಕೊಳ್ಳತೊಡಗಿದವು. ಕನ್ಸೋಲಿನಲ್ಲಿ ಏನು ಒತ್ತಿದರೂ ಉತ್ತರವಿಲ್ಲ. ನನ್ನ ಸೋದರಳಿಯ ಕುರ್ಚಿಯಿಂದ ಎದ್ದು ನಿಂತ. ಬಹಳ ಹೊತ್ತು ದೀಪಗಳನ್ನೇ ನೋಡುತ್ತಿದ್ದು, 'ಮಾವ, ಅವತ್ತು ಹಾಸ್ಟೆಲ್ಲಿನಲ್ಲಿ ಆದದ್ದು ಇದೇ' ಎಂದ.

ಎರಡು ವರ್ಷದ ಹಿಂದೆ ಒಂದು ಹಾಸ್ಟೆಲ್ಲಿನಲ್ಲಿ ಯಾರೋ ಒಂದು ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಅಗ್ಗದ ಸ್ವಿಚ್ಚಿಗೆ ಸಿಕ್ಕಿಸಿದ್ದರಂತೆ. ಇಡೀ ಬಡಾವಣೆಯ ಇಂಟರ್ನೆಟ್ ನಿಂತಿತು. ಇವನು ಮಳೆಯಲ್ಲಿ ರಾತ್ರಿ ಎರಡು ಗಂಟೆಯವರೆಗೆ ಕಂಬದಿಂದ ಕಂಬಕ್ಕೆ ಹತ್ತಿ ಇಳಿದು, ಸರಿಯಿದ್ದ ಕೇಬಲ್ಲುಗಳನ್ನೆಲ್ಲ ಬದಲಿಸಿದ್ದ. ಮರುದಿನ ಮೇಲಧಿಕಾರಿ ಬಂದು, ಆ ಒಂದು ತುಂಡನ್ನು ಎಳೆದುಹಾಕಿ, ಎಲ್ಲರೆದುರಿಗೆ ಅವನನ್ನು ಬೈದು ಹೋದರು. ಏನಾಗಿತ್ತೆಂದು ಯಾರೂ ವಿವರಿಸಲಿಲ್ಲ. ಕೇಳುವ ಧೈರ್ಯ ಇವನಿಗೂ ಇರಲಿಲ್ಲ.

ಕೇಬಲ್ಲನ್ನು ಎಳೆದ, ದೀಪಗಳು ಶಾಂತವಾದವು. ಮತ್ತೆ ಸಿಕ್ಕಿಸಿದ, ಬಿರುಗಾಳಿ ಎದ್ದಿತು. ನಾನು ಮಲಗಲು ಹೋದ ಮೇಲೂ ಆ ಆಟ ಬಹಳ ಹೊತ್ತು ನಡೆಯಿತು. ಒಂದು ಪೋರ್ಟನ್ನಾಗಲಿ ಒಂದು ಸ್ವಿಚ್ಚನ್ನಾಗಲಿ ಕೆಡಿಸಿದರೆ ಇಲ್ಲಿ ಯಾರ ಮನೆಯ ಫೋನೂ ಗೊಣಗುವುದಿಲ್ಲ, ಯಾರೂ ಬೈಯುವುದಿಲ್ಲ. ಹದಿನಾಲ್ಕು ಸಾವಿರಕ್ಕೆ ನಾವು ಕೊಂಡು ತಂದದ್ದು ಆ ಸ್ವಾತಂತ್ರ್ಯವನ್ನೇ ಹೊರತು ಯಂತ್ರಗಳನ್ನಲ್ಲ ಎಂದು ನನಗೆ ಅನೇಕ ಬಾರಿ ಅನ್ನಿಸಿದೆ. ನಿದ್ದೆಗೆಟ್ಟ ನನ್ನಾಕೆಯ ಅಭಿಪ್ರಾಯ ಬೇರೆಯಿರಬಹುದು.

ಹಳೆಯ ಯಂತ್ರಗಳು ಎಲ್ಲವನ್ನೂ ಕಲಿಸಲಾರವು. ತಂತಿಯಿಲ್ಲದ ಜಾಲಗಳ ನಿಯಂತ್ರಣ, ಆದೇಶಗಳನ್ನು ತಂತ್ರಾಂಶದ ಮೂಲಕವೇ ಕಳುಹಿಸುವ ಸ್ವಯಂಚಾಲನೆ ಮುಂತಾದವು 2020ರ ಪಠ್ಯದಲ್ಲಿ ಸೇರಿವೆ. ಅವನ್ನು ಅವನು ಪುಸ್ತಕದಿಂದಲೂ ಪ್ಯಾಕೆಟ್ ಟ್ರೇಸರ್‌ನಿಂದಲೂ ಕಲಿತ. ಬೊಂಬೆಯಾಟದ ಮೇಲೆ ಆಗ ಮೊದಲಿನ ಕೋಪವಿರಲಿಲ್ಲ.

2024ರ ಜನವರಿಯಲ್ಲಿ ಎರಡನೆಯ ಬಾರಿ ಶುಲ್ಕ ಕಟ್ಟಿದ. ಅರ್ಧ ಅವನ ಉಳಿತಾಯ, ಅರ್ಧ ತಂಗಿಯ ಚೀಟಿ ಹಣ. ಉತ್ತೀರ್ಣನಾದ. ಪ್ರಮಾಣಪತ್ರ ಬಂದ ಕೂಡಲೇ ಕೆಲಸ ಸಿಗುತ್ತದೆಂದು ಯಾರೂ ತಿಳಿಯಬಾರದು. ಎರಡು ಕಡೆ ಸಂದರ್ಶನದಲ್ಲಿಯೇ ಮುಗಿಯಿತು, ಮೂರನೆಯದರಲ್ಲಿ ಕೈಗೂಡಿತು. ಈಗ ಬೆಂಗಳೂರಿನಲ್ಲಿ ಜಾಲಗಳನ್ನು ಕಾಯುವ ಒಂದು ಕೇಂದ್ರದಲ್ಲಿದ್ದಾನೆ. ರಾತ್ರಿ ಪಾಳಿಯೇ ಹೆಚ್ಚು. ಪ್ರಮಾಣಪತ್ರದ ಆಯುಷ್ಯ ಮೂರೇ ವರ್ಷವಾದ್ದರಿಂದ ಓದು ಮುಗಿದಿಲ್ಲ.

ಯಂತ್ರಗಳು ಈಗ ಭದ್ರಾವತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಬಳಿ ಇವೆ. ಅವಳೂ ಇದೇ ಪರೀಕ್ಷೆಗೆ ಓದುತ್ತಿದ್ದಾಳೆ. ಹಣ ಕೊಡಲು ಬಂದಿದ್ದರು, ತೆಗೆದುಕೊಳ್ಳಲಿಲ್ಲ. ಎರಡನೆಯ ಸ್ವಿಚ್ಚಿನ 14ನೆಯ ಪೋರ್ಟು ಸತ್ತಿದೆಯೆಂದು ಚೀಟಿ ಅಂಟಿಸಿ ಕಳುಹಿಸಿದ್ದೇನೆ. ಅವಳದು ಮುಗಿದ ಮೇಲೆ ನಿಮ್ಮ ಮನೆಯ ಮಕ್ಕಳಲ್ಲಿ ಯಾರಿಗಾದರೂ ಬೇಕಿದ್ದರೆ ಈಗಲೇ ಒಂದು ಮಾತು ತಿಳಿಸಿರಿ. ಸಾಗಿಸುವ ಹೊಣೆ ನಿಮ್ಮದು. ಒಂದೊಂದು ಪೆಟ್ಟಿಗೆಯೂ ಕೈಸೋಲುವಷ್ಟು ಭಾರವಿದೆ.